ಷಡ್ಡಕನ ಲೈಸೆನ್ಸು

ಆ ಬೀದಿಯಲ್ಲಿ ಯಾರ ಮನೆಯ ದೀಪ ಆರಿದರೂ ಜನ ಮೊದಲು ಕೂಗುತ್ತಿದ್ದುದು ಫ್ಯೂಸಣ್ಣನನ್ನು. ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಮರೆತಂತಿತ್ತು. ಹೆಂಡತಿಯ ತಂಗಿಯ ಗಂಡ, ಅಂದರೆ ಅವನ ಷಡ್ಡಕ, ಸೈಕಲ್ ಅಂಗಡಿ ನಡೆಯದೆ ಬಾಗಿಲು ಹಾಕಿದಾಗ ಅವನನ್ನು ಕರೆದು ವೈರಿಂಗ್ ಕೆಲಸ ಕಲಿಸಿದವನೂ ಫ್ಯೂಸಣ್ಣನೇ. ಷಡ್ಡಕ ಏಣಿ ಹಿಡಿಯುತ್ತಿದ್ದಷ್ಟು ದಿನ ಇಬ್ಬರೂ ಹಾಲು-ಸಕ್ಕರೆಯಂತೆ ಇದ್ದರು.

ಆಮೇಲೆ ಹೊಸ ನಿಯಮ ಬಂತು. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರ ಸಹಿಯಿಲ್ಲದೆ ಯಾವ ಮನೆಯ ವೈರಿಂಗೂ ಮಂಜೂರಾಗುವುದಿಲ್ಲ ಎಂದಾಯಿತು.

"ಭಾವ, ಇಬ್ರೂ ಒಟ್ಟಿಗೇ ಕೂತು ಓದೋಣ," ಎಂದ ಷಡ್ಡಕ.

"ಮೊಮ್ಮಕ್ಕಳನ್ನ ಎತ್ತೋ ವಯಸ್ಸಲ್ಲಿ ನನಗೆ ಪರೀಕ್ಷೆಯೇನೋ? ಕರೆಂಟೇ ನನ್ನ ಕಂಡ್ರೆ ಹೆದರುತ್ತೆ, ಹೋಗು!"

ಷಡ್ಡಕ ಹೋಗಿ ಓದಿದ, ಪಾಸಾದ. ಅಲ್ಲಿಂದ ಫ್ಯೂಸಣ್ಣನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಕೆಲಸ ಮಾಡುವವನು ತಾನು, ಸಹಿ ಹಾಕುವವನು ಅವನು. ಮನೆ ಕಟ್ಟಿಸುವವರು ಇವನ ಎದುರಿಗೇ "ಲೈಸೆನ್ಸಿನವರು ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದರು. ಷಡ್ಡಕ ಬಂದರೆ ಕುರ್ಚಿ ಹಾಕುತ್ತಿದ್ದರು. ಫ್ಯೂಸಣ್ಣನಿಗೆ ತನ್ನ ಏಣಿಯೇ ಕುರ್ಚಿ. ಸಾಲದ್ದಕ್ಕೆ ಮನೆಯಲ್ಲಿ ಹೆಂಡತಿ, "ನಮ್ಮ ತಂಗಿ ಗಂಡ ನೋಡಿ, ಎಷ್ಟು ಚುರುಕು," ಎಂದು ಬೆಂಕಿಗೆ ತುಪ್ಪ ಸುರಿಯುತ್ತಿದ್ದಳು. ಷಡ್ಡಕ ಇಸ್ತ್ರಿ ಮಾಡಿದ ಅಂಗಿ ಹಾಕಿದರೂ ತಪ್ಪು, ನಕ್ಕರೂ ತಪ್ಪು. "ಭಾವ" ಎಂದು ಪ್ರೀತಿಯಿಂದ ಕರೆದರಂತೂ ಅದರಲ್ಲಿ ಮರುಕ ಕೇಳಿಸಿ ಮೈಯೆಲ್ಲ ಉರಿಯುತ್ತಿತ್ತು.

ಕೆಲಸ ಹೆಚ್ಚಾದಂತೆ ಷಡ್ಡಕ ಎಲ್ಲ ಮನೆಗಳಿಗೂ ಹೋಗುವುದನ್ನು ಬಿಟ್ಟ. "ನೀವು ಮಾಡಿದ್ರೆ ನಾನು ನೋಡೋದೇನಿದೆ ಭಾವ?" ಎಂದು ಕೂತಲ್ಲೇ ಸಹಿ ಹಾಕತೊಡಗಿದ. ಅದು ನಂಬಿಕೆಯ ಮಾತು. ಫ್ಯೂಸಣ್ಣನ ಕಿವಿಗೆ ಬಿದ್ದದ್ದು ಸೋಮಾರಿಯ ಸೊಕ್ಕು. ಒಂದು ಮಧ್ಯಾಹ್ನ ಪೇಟೆಯ ಅಂಗಡಿಯೊಂದರ ಫೋನಿನಿಂದ ವಿದ್ಯುತ್ ಕಚೇರಿಗೆ ಕರೆ ಮಾಡಿ, ತನ್ನ ಹೆಸರು ಹೇಳದೆ ಷಡ್ಡಕನ ಹೆಸರು ಹೇಳಿ, "ಆ ಮನುಷ್ಯ ಮನೆ ನೋಡದೇ ಸಹಿ ಹಾಕ್ತಾನೆ, ಬೇಕಿದ್ರೆ ಪರೀಕ್ಷಿಸಿ," ಎಂದುಬಿಟ್ಟ.

ಫೋನಿನಲ್ಲಿ ದೂರು ಬಂದಿದೆ ಎಂದು ತಿಳಿಸಿ ಕಚೇರಿಯವರು ಪರೀಕ್ಷಿಸಲು ಆರಿಸಿಕೊಂಡದ್ದು ತರಕಾರಿ ಮಾರುವ ಹೆಂಗಸಿನ ಹೊಸ ಮನೆಯನ್ನು. ಅದರ ವೈರಿಂಗ್ ಪೂರ್ತಿ ಫ್ಯೂಸಣ್ಣನದೇ. ಷಡ್ಡಕನ ಜೊತೆ ಅವನೂ ಹೋಗಿ ನಿಂತ. ತನ್ನ ಕೆಲಸದಲ್ಲಿ ಏನೂ ಸಿಗದು, ನೋಡದೆ ಸಹಿ ಹಾಕಿದ್ದಕ್ಕೆ ಷಡ್ಡಕನಿಗೆ ನಾಲ್ಕು ಮಾತು ಬಿದ್ದರೆ ಸಾಕು ಎಂಬ ಲೆಕ್ಕ ಅವನದು.

ಇನ್ಸ್‌ಪೆಕ್ಟರು ಬಚ್ಚಲಿನ ಪಕ್ಕದ ಸಾಕೆಟ್ ಬಿಚ್ಚಿದರು. ಒಳಗೆ ಶಾಕ್ ತಡೆಯಬೇಕಾದ ಹಸಿರು ಅರ್ತ್ ವೈರು ಎಲ್ಲಿಗೂ ಸೇರದೆ ಮಡಚಿಕೊಂಡು ಮಲಗಿತ್ತು. ವೈರು ಗಿಡ್ಡವಾಗಿತ್ತು, ನಾಳೆ ಜೋಡಿಸಿದರಾಯಿತು ಎಂದು ಫ್ಯೂಸಣ್ಣನೇ ಮುಚ್ಚಿದ್ದ. ಆ ನಾಳೆ ಬಂದಿರಲೇ ಇಲ್ಲ.

"ಅದಕ್ಕೇನಾ ಬಟ್ಟೆ ಒಗೆಯೋ ಮೆಷಿನ್ ಮುಟ್ಟಿದ್ರೆ ಚುರ್ ಅಂತಿದ್ದಿದ್ದು?" ಎಂದಳು ಮನೆಯೊಡತಿ. "ಒದ್ದೆ ಕೈಗೆ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ. ಮಗಳೂ ಅಲ್ಲೇ ಆಡ್ತಾಳಲ್ಲಪ್ಪಾ!"

"ಸಹಿ ನಿಮ್ಮದು. ಕೆಲಸ ಯಾರದು?" ಇನ್ಸ್‌ಪೆಕ್ಟರು ಷಡ್ಡಕನತ್ತ ತಿರುಗಿದರು.

ಷಡ್ಡಕ ಫ್ಯೂಸಣ್ಣನ ಮುಖವನ್ನೂ ನೋಡದೆ, "ಜವಾಬ್ದಾರಿ ನಂದೇ ಸಾರ್," ಎಂದ.

ಅವನು ಬೆರಳು ತೋರಿಸಿದ್ದರೆ ಫ್ಯೂಸಣ್ಣ ಜಗಳ ಕಾಯುತ್ತಿದ್ದ. ಈ ಮಾತು ಮಾತ್ರ ನುಂಗಲಾರದ ತುತ್ತಾಯಿತು. ಇದರಲ್ಲೂ ಇವನೇ ದೊಡ್ಡವನಾಗಬೇಕೆ ಎಂದು ಮತ್ತೆ ಹೊಟ್ಟೆ ಉರಿಯಿತು. ಆ ಉರಿಯೇ ಅವನ ಬಾಯಿ ತೆರೆಸಿತು.

"ಅವನದಲ್ಲ ಸಾರ್, ನಂದು. ಬೇಕಿದ್ರೆ ನನ್ನ ಹೆಸರು ಬರ್ಕೊಳ್ಳಿ."

ಷಡ್ಡಕನ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿದರು. ವೈರು ಅಂದೇ ಜೋಡಿಸಿದರೂ ಇಬ್ಬರ ಸಂಪಾದನೆಯೂ ಒಟ್ಟಿಗೇ ನಿಂತಿತು. ಆ ರಾತ್ರಿ ಹೆಂಡತಿ ತಟ್ಟೆ ಇಡುತ್ತಾ, "ಫೋನ್ ಮಾಡಿದ ಪುಣ್ಯಾತ್ಮ ಯಾರೋ, ಅವನ ಕೈ ಸೇದಿಹೋಗ!" ಎಂದಳು. ಫ್ಯೂಸಣ್ಣ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಕಥೆ. ಹೆಂಡತಿ ಅವನನ್ನೇ ದಿಟ್ಟಿಸಿದಳು. ಎರಡನೆಯ ಸಲ ಅನ್ನ ಬೇಕೇ ಎಂದು ಕೇಳಲಿಲ್ಲ.

ಬೆಳಿಗ್ಗೆ ಎದ್ದವನೇ ಷಡ್ಡಕನ ಮನೆಗೆ ಹೋಗಿ ಹೊಸ್ತಿಲಲ್ಲೇ ನಿಂತು ಹೇಳಿದ: "ಫೋನ್ ಮಾಡಿದ್ದು ನಾನೇ ಕಣೋ."

"ಗೊತ್ತು. ನೀವು ಫೋನ್ ಮಾಡಿದ ಅಂಗಡಿಯವನು ನನ್ನ ಗಿರಾಕಿ," ಎಂದ ಷಡ್ಡಕ. ಒಳಗೆ ಹೋಗಿ ತಾನು ಓದಿದ ಪುಸ್ತಕಗಳನ್ನು ತಂದು ಅವನ ಕೈಗೆ ಹಾಕಿ, ಬಾಗಿಲು ಮುಚ್ಚಿಕೊಂಡ.

ಫ್ಯೂಸಣ್ಣ ಮೊದಲ ಸಲ ಫೇಲಾದ, ಎರಡನೆಯ ಸಲ ಪಾಸಾದ. ಅವನ ಸಹಿಯಿಂದಲೇ ಇಬ್ಬರ ಕೆಲಸವೂ ಮತ್ತೆ ಶುರುವಾಯಿತು. ಷಡ್ಡಕ ಮಾತು ಬಿಟ್ಟಿರಲಿಲ್ಲವಾದರೂ ಮತ್ತೆ "ಭಾವ" ಎನ್ನಲು ಬಹಳ ಕಾಲ ಹಿಡಿಯಿತು. ಫ್ಯೂಸಣ್ಣ ಈಗ ಪ್ರತಿ ಸಾಕೆಟ್ಟನ್ನೂ ತಾನೇ ಬಿಚ್ಚಿ ನೋಡದೆ ಸಹಿ ಹಾಕುವುದಿಲ್ಲ. ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದರೆ, ಇಲ್ಲ. ಯಾರಾದರೂ ಷಡ್ಡಕನನ್ನೇ ಕೇಳಿಕೊಂಡು ಬಂದರೆ ಇವತ್ತಿಗೂ ಒಳಗೆ ಚುರ್ ಎನ್ನುತ್ತದೆ. ಆದರೂ "ಪಕ್ಕದ ಬೀದಿಗೆ ಹೋಗಿದಾನೆ, ಕೂತ್ಕೊಳ್ಳಿ, ಬರ್ತಾನೆ," ಎಂದು ಕುರ್ಚಿ ಎಳೆದು ಹಾಕುತ್ತಾನೆ.