ಹುಣಸೆ ಬೀಜದ ಅಂಟು ಹಚ್ಚಿದ ಪೆಟ್ಟಿಗೆ

ನಡುಮನೆಯಲ್ಲಿ ಹಾಸಿಗೆ ಒಟ್ಟುವ ಆ ಕರಿ ಪೆಟ್ಟಿಗೆ ಏನೆಂದು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ಅಜ್ಜನ ಮೈಕ್ ಸೆಟ್ಟಿನದು ಎಂದಷ್ಟೇ ಹೇಳಿ ನಾನು ಒಲೆಯ ಕಡೆಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮರೋಳದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜನದು ಇಳಕಲ್ಲಿನ ಮಗ್ಗದ ಮನೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಮಗ್ಗ ಬಿಟ್ಟು ಮೈಕ್ ಸೆಟ್ ಇಟ್ಟಿದ್ದರು. ಎರಡು ಹಾರ್ನು, ಒಂದು ಆಂಪ್ಲಿಫೈಯರು, ಹಾಡಿನ ಪ್ಲೇಟು ಹಾಕುವ ಯಂತ್ರ, ಇಷ್ಟನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮದುವೆ, ಭಜನೆ, ಪುರಾಣ ಎಂದು ಹುನಗುಂದದ ಸುತ್ತಿನ ಹಳ್ಳಿಗಳಿಗೆಲ್ಲ ಹೋಗುತ್ತಿದ್ದರು. ಅವರು ಬಿಟ್ಟ ಮಗ್ಗದಲ್ಲಿ ನಾನು ಕೂತೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ನನ್ನ ಕಿವಿ ಪಳಗಿದ್ದು ಅಲ್ಲಿಯೇ. ಎಳೆಯೊಂದು ಕಡಿದರೆ ಕಣ್ಣಿಗೆ ಬೀಳುವ ಮೊದಲೇ ಲಾಳಿಯ ಸದ್ದಿನಲ್ಲಿ ನನಗೆ ಗೊತ್ತಾಗುತ್ತಿತ್ತು.

ಅಜ್ಜನಿಗೆ ಒಂದು ಕೊರಗಿತ್ತು. ಹಾರ್ನಿನಲ್ಲಿ ಮಾತು ಚೆನ್ನಾಗಿ ಬರುತ್ತಿತ್ತು, ಹಾಡೂ ಬರುತ್ತಿತ್ತು. ಡೊಳ್ಳು ಮಾತ್ರ ಬರುತ್ತಿರಲಿಲ್ಲ. ಬೀರಪ್ಪನ ಡೊಳ್ಳಿನ ಹಾಡಿಕೆಗೆ ಹೋದಾಗಲೆಲ್ಲ ಆ ಮೇಳದವರು ನಮ್ಮ ಡೊಳ್ಳನ್ನು ಎಣ್ಣೆಯ ಡಬ್ಬಿ ಮಾಡಿಬಿಟ್ಟಿಯಲ್ಲೋ ಎಂದು ಕಾಡುತ್ತಿದ್ದರಂತೆ. ಒಮ್ಮೆ ಬಾದಾಮಿಯಲ್ಲಿ ಟೆಂಟಿನ ಸಿನಿಮಾ ನೋಡಲು ಹೋದವರು ಪರದೆಯ ಹಿಂದೆ ಹೊಕ್ಕು, ಅಲ್ಲಿದ್ದ ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ ನೋಡಿ ಬಂದರು. ಅದರಲ್ಲಿ ಗುಡುಗು ಗುಡುಗಿದಂತೆಯೇ ಕೇಳುತ್ತಿತ್ತಂತೆ. ಅಳತೆ ಪಟ್ಟಿ ಇರಲಿಲ್ಲ. ಜೇಬಿನಲ್ಲಿದ್ದ ಮಗ್ಗದ ದಾರ ಹಿಡಿದು ಉದ್ದಕ್ಕೊಂದು, ಅಗಲಕ್ಕೊಂದು, ಆಳಕ್ಕೊಂದು ಗಂಟು ಹಾಕಿಕೊಂಡು ಬಂದಿದ್ದರು. ಯಂತ್ರ ನಡೆಸುವವನು ಎರಡು ಮಾತು ಹೇಳಿ ಕಳಿಸಿದ್ದನಂತೆ: ಪೆಟ್ಟಿಗೆ ಭಾರ ಇರಬೇಕು, ಮುಂದೆ ಕೊರೆದ ಕಿಂಡಿ ಬಿಟ್ಟು ಬೇರೆಲ್ಲೂ ಗಾಳಿ ಆಡಬಾರದು.

ಆ ಹೊತ್ತಿಗೆ ಅವರ ಕಿವಿ ಮಂದವಾಗತೊಡಗಿತ್ತು. ಮೊದಲು ತಿಳಿದವಳು ನಾನು. ನನ್ನ ಬಳೆಯ ಸದ್ದಿಗೆ ಅವರು ತಿರುಗುವುದು ನಿಂತಿತ್ತು. ನಾನಾದರೋ ಎಂದೂ ದನಿ ಎತ್ತಿದವಳಲ್ಲ. ಮಾವನವರು ಕಟ್ಟೆಯ ಮೇಲೆ ಕೂತಿದ್ದರೆ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಬಳೆ ಆಡಿಸಿ, ಬಾಗಿಲ ಚಿಲಕ ಬಡಿದು ಗಂಡನನ್ನು ಕರೆಯುತ್ತಿದ್ದ ಹೆಣ್ಣು. ಅವೇ ಸದ್ದುಗಳು ಅವರಿಗೆ ಕೇಳದಾದವು.

ಪೆಟ್ಟಿಗೆಗೆ ಪ್ಲೈವುಡ್ ತರುವ ನೆಪದಲ್ಲಿ ಇಬ್ಬರೂ ಬಾಗಲಕೋಟೆಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆವು. ಹಾರ್ನಿನ ಮಗ್ಗುಲಲ್ಲಿ ಇಷ್ಟು ವರ್ಷ ಕೂತದ್ದಕ್ಕೆ ನರ ಸೋತಿದೆ, ಸಣ್ಣ ಸದ್ದು ಹೋಗಿದೆ, ದಪ್ಪ ಸದ್ದು ಉಳಿದಿದೆ, ಇದಕ್ಕೆ ಔಷಧವಿಲ್ಲ ಎಂದರು ಡಾಕ್ಟರು. ಬಸ್ಸಿನ ಮೇಲೆ ಪ್ಲೈವುಡ್ ಕಟ್ಟಿಸಿಕೊಂಡು ಮರಳುವಾಗ ಅಮೀನಗಡದಲ್ಲಿ ಅಜ್ಜ ಇಳಿದು ಕರದಂಟು ತಂದರು. ಕಿಟಕಿಯ ಪಕ್ಕ ಕೂತಿದ್ದ ನನ್ನ ಕೈಯಲ್ಲಿ ಅದನ್ನಿಟ್ಟರು.

"ಈ ಮಾತು ನಮ್ಮಿಬ್ಬರಾಗ ಇರ್ಲಿ. ಕಿವುಡನ ಮೈಕ್ ಯಾರು ಕರೀತಾರ? ಸಣ್ಣ ಸದ್ದು ನೀ ಕೇಳು, ದಪ್ಪ ಸದ್ದು ನಾ ಕೇಳ್ತೇನಿ. ಆತಿಲ್ಲೋ?"

ನಾನು ತಲೆಯಾಡಿಸಿದೆ. ಮಾತು ಕೊಟ್ಟದ್ದು ಅಲ್ಲಿ.

ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ದಾರದ ಗಂಟು ಹಿಡಿದು ಗೆರೆ ಹೊಡೆದು, ಗರಗಸದಿಂದ ಕೊಯ್ದು, ಒಳಮೂಲೆಗೆಲ್ಲ ಸಾಗವಾನಿಯ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದರು. ಮುಂದಿನ ಹಲಗೆಯಲ್ಲಿ ಬೋಗುಣಿಯಷ್ಟು ದೊಡ್ಡ ಸ್ಪೀಕರಿಗೆ ಒಂದು ಗುಂಡು ತೂತು, ಅದರ ಕೆಳಗೆ ಗೇಣಗಲದ ಕಿಂಡಿ. ಒಳಗೋಡೆಗೆ ಮೆತ್ತನೆಯದು ಏನಾದರೂ ಬೇಕೆಂದಾಗ ನನ್ನ ಅವ್ವ ಹೊಲಿದುಕೊಟ್ಟ ಕೌದಿಯನ್ನು ಕತ್ತರಿಸಿ ಕೊಟ್ಟೆ. ಇನ್ನು ಉಳಿದದ್ದು ಸಂದಿಗಳಿಗೆ ಅಂಟು. ಬಡಿಗರು ಆಗ ಸರೇಸು ಕುದಿಸಿ ಹಚ್ಚುತ್ತಿದ್ದರು. ಅಜ್ಜ ಒಂದು ತುಂಡು ತಂದು ಒಲೆಯ ಮೇಲೆ ಇಡಲು ಹೋದಾಗ ಅದು ಎಲುಬು, ಚರ್ಮ ಕುದಿಸಿ ಮಾಡಿದ್ದೆಂದು ಅತ್ತೆಗೆ ಗೊತ್ತಾಯಿತು. ಲಿಂಗಪೂಜೆಯ ನೈವೇದ್ಯ ಬೇಯುವ ಒಲೆ. ಅವರು ಅಡ್ಡ ನಿಂತುಬಿಟ್ಟರು.

"ಮಗ್ಗಾ ಬಿಟ್ಟಿ, ಸುಮ್ಮನಾದೆ. ಇನ್ನ ನನ್ನ ಒಲಿ ಮ್ಯಾಲೆ ಎಲುಬು ಕುದಿಸ್ತೀಯೇನು?"

ಅಜ್ಜ ಆ ತುಂಡನ್ನು ಒಯ್ದು ಬಡಿಗನಿಗೆ ಮರಳಿ ಕೊಟ್ಟರು. ಸಂಜೆ ನಾನೇ ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ, ಹುಣಸೆ ಬೀಜ ಹುರಿದು ಬೀಸಿ ಅಂಟು ಕಾಯಿಸಿಕೊಡುತ್ತೇನೆ, ಕಟ್ಟಿಗೆ ಹೊಟ್ಟು ಕಲಸಿ ಮೆತ್ತೋಣ ಎಂದು. ತವರಿನಲ್ಲಿ ಪುಸ್ತಕಕ್ಕೆ, ಬುಟ್ಟಿಗೆ ಅದನ್ನೇ ಹಚ್ಚುತ್ತಿದ್ದೆವು. ಅವರು ಒಪ್ಪಿದರು. ಹಿಂದಿನ ಹಲಗೆಯನ್ನು ಒಳಗಿನ ಪಟ್ಟಿಗೆ ಅಂಟಿಸಿದವಳು ನಾನೇ. ಬೆರಳಿನಿಂದ ಎಷ್ಟು ನುಣ್ಣಗೆ ತೀಡಿದ್ದೆನೆಂದರೆ ನಿಮ್ಮ ಅಜ್ಜ ಅದನ್ನು ಸವರಿ ನೋಡಿ, ಮತ್ತೆ ಸವರಿ ನೋಡಿದರು.

ಅಂಟು ಒಣಗಿ, ಕರಿ ಬಣ್ಣ ಹಚ್ಚಿ ಎಂಟು ದಿನವಾದ ಮೇಲೆ ಅಂಗಳದಲ್ಲಿಟ್ಟು ಟೇಪಿನಲ್ಲಿ ಡೊಳ್ಳು ಹಚ್ಚಿದರು. ಓಣಿಯ ಮಂದಿ ನೆರೆದರು. ಆ ಸದ್ದು ಹೇಗೆ ಹೇಳಲಿ? ಕಿವಿಗೆ ಬರುವ ಮೊದಲು ನೆಲದಿಂದ ಅಂಗಾಲಿಗೆ ಬಂತು, ಮಗ್ಗದ ಕುಣಿಯಲ್ಲಿ ಬರುವ ಹಾಗೆ. ಅಟ್ಟಣಿಗೆಯ ಹಿತ್ತಾಳೆ ಸಾಮಾನುಗಳೆಲ್ಲ ಅಲುಗಿದವು. ಅಜ್ಜ ಕಿಂಡಿಯ ಮುಂದೆ ಅಂಗೈ ಒಡ್ಡಿಕೊಂಡು ಕೂತಿದ್ದರು. ಒಂದೊಂದು ಪೆಟ್ಟಿಗೂ ಅಲ್ಲಿಂದ ಗಾಳಿ ಬಂದು ಅವರ ತೋಳಿನ ಕೂದಲು ಅಲುಗುತ್ತಿತ್ತು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಇನ್ನೊಂದು ಸದ್ದೂ ಕೇಳಿತು. ಝರ್ ಎಂಬ ಸಣ್ಣ ಸದ್ದು, ತಂಬಿಗೆಯಲ್ಲಿ ಹುಳ ಸಿಕ್ಕ ಹಾಗೆ. ಹಿಂದಿನ ಹಲಗೆಯ ಎಡಗಡೆಯ ಕೆಳಮೂಲೆಯಿಂದ ಬರುತ್ತಿತ್ತು. ಹುಣಸೆಯ ಅಂಟು ಒಣಗಿ ಮುದುಡಿ ಬಿಟ್ಟುಕೊಂಡಿದೆ, ಹಲಗೆ ಪಟ್ಟಿಗೆ ಬಡಿಯುತ್ತಿದೆ ಎಂದು ನೋಡದೆಯೇ ನನಗೆ ಗೊತ್ತಾಯಿತು. ಓಣಿಯ ಮಂದಿ ಆ ಗುಡುಗಿಗೆ ಬೆರಗಾಗಿ ನಿಂತಿದ್ದರು. ಅದು ಯಾರ ಕಿವಿಗೂ ಬಿದ್ದಂತಿರಲಿಲ್ಲ.

ಅಜ್ಜ ತಿರುಗಿ ನನ್ನನ್ನು ನೋಡಿದರು. "ಸರಿ ಐತೇನು?"

ಮಾವನವರು ಕಟ್ಟೆಯ ಮೇಲಿದ್ದರು. ಅತ್ತೆ ಮೊದಲ ಸಲ ಮಗನ ಕೆಲಸ ನೋಡಿ ಬಾಯಿ ತೆರೆದು ನಿಂತಿದ್ದರು. ಅಂಟು ನನ್ನದು. ಆಮೇಲೆ ಹೇಳಿದರಾಯಿತು ಎಂದುಕೊಂಡು ತಲೆಯಾಡಿಸಿದೆ. ಅವರ ಮುಖ ಅರಳಿತು. ಆ ಆಮೇಲೆ ಅನ್ನುವುದು ಬರಲೇ ಇಲ್ಲ. ನಾಲ್ಕು ದಿನ ಅವರ ಉಮೇದು ನೋಡುತ್ತ ಸುಮ್ಮನೆ ನೇಯ್ದೆ.

ಐದನೆಯ ದಿನ ಮರೋಳದಲ್ಲಿ ಬೀರಪ್ಪನ ಗುಡಿಯ ಮುಂದೆ ಎರಡು ಮೇಳಗಳ ಡೊಳ್ಳಿನ ಹಾಡಿಕೆ. ಶ್ರಾವಣದ ಸೋಮವಾರ, ಮಧ್ಯಾಹ್ನದ ಹೊತ್ತು. ನನ್ನ ತವರೂರೆಂದು ನಾನೂ ಹೋಗಿ ಹೆಂಗಸರ ನಡುವೆ ಕೂತಿದ್ದೆ. ಪೆಟ್ಟಿಗೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಮೊದಲ ಪದಕ್ಕೆ ಜನ ಹುಬ್ಬೇರಿಸಿ ಆ ಕಡೆ ನೋಡಿದರು. ಅಜ್ಜ ಪೆಟ್ಟಿಗೆಯ ದನಿಯನ್ನು ಇನ್ನಷ್ಟು ಏರಿಸಿದರು. ಏರಿಸಿದಂತೆ ಆ ಝರ್ ಸದ್ದೂ ಬೆಳೆಯಿತು. ಮೂರನೆಯ ಪದಕ್ಕೆ ಅದೇ ಮುಂದಾಯಿತು, ಡೊಳ್ಳು ಹಿಂದಾಯಿತು. ಹಾಡುವ ಹಿರಿಯರು ತಾಳ ತಪ್ಪಿ ನಿಂತುಬಿಟ್ಟರು. ಊರಿನ ಅಳಿಯ, ಕಾಡುವ ಸಲಿಗೆ ಎಲ್ಲರಿಗೂ ಇರುತ್ತದೆ. ಗುಂಪಿನಿಂದ ಒಬ್ಬ ಕೂಗಿದ.

"ಅಳ್ಯಾದೇವ್ರ, ಪೆಟಿಗ್ಯಾಗ ಜೇನ ಸಾಕೀರೇನ್ರಿ? ಬಿಡಿಸಿ ನಮಗೂ ಒಂದೀಟು ಕೊಡ್ರಿ."

ಜನ ಗೊಳ್ಳೆಂದು ನಕ್ಕರು. ನಿಮ್ಮ ಅಜ್ಜನೂ ನಕ್ಕರು. ಅವರಿಗೆ ಮಾತು ಕೇಳಿರಲಿಲ್ಲ, ನಗುವ ಮುಖಗಳಷ್ಟೇ ಕಂಡಿದ್ದವು. ಮೆಚ್ಚಿದರೆಂದು ತಿಳಿದು ಕೈಮುಗಿದು, ದನಿಯ ಗುಂಡಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದರು. ಆಗ ನಗು ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಇವರಿಗೆ ಕಿವಿ ಇಲ್ಲ ಎಂದು ಊರಿಗೆ ಊರೇ ತಿಳಿದುಕೊಂಡದ್ದು ಆ ಗಳಿಗೆಯಲ್ಲಿ.

ನಾನು ಎದ್ದು ಹೋಗಿ ಆ ಎಡಮೂಲೆಯ ಮೇಲೆ ಅಂಗೈ ಒತ್ತಿದ್ದರೆ ಸಾಕಿತ್ತು, ಸದ್ದು ನಿಲ್ಲುತ್ತಿತ್ತು. ಹತ್ತು ಹೆಜ್ಜೆ. ತವರಿನಲ್ಲಿ ಮಗಳಿಗೆ ತಲೆಯ ಮೇಲೆ ಸೆರಗಿನ ಹಂಗೂ ಇಲ್ಲ, ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದೆ. ಕೊನೆಗೆ ನನ್ನ ಅಣ್ಣ ಹೋಗಿ ವೈರು ಕಿತ್ತು, ಇವರ ಹೆಗಲು ಹಿಡಿದು ಗುಡಿಯ ಹಿಂದಕ್ಕೆ ಕರೆದೊಯ್ದು ನಡೆದದ್ದನ್ನು ತಿಳಿಸಿದ. ಉಳಿದ ಹಾಡಿಕೆ ಮೈಕಿಲ್ಲದೆ ನಡೆಯಿತು.

ಮರುದಿನ ಮುಂಜಾನೆ ಇಳಕಲ್ಲಿನಲ್ಲಿ, ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು ಅವರು ನನ್ನನ್ನು ಕರೆದರು.

"ಅವತ್ತು ಇಲ್ಲೇ ಅಂಗಳದಾಗ ಆ ಸದ್ದು ನಿನಗ ಕೇಳಿಸಿತ್ತೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಊರ ಮಂದಿ ನಕ್ಕದ್ದು ಇರ್ಲಿ," ಎಂದರು. "ಅಮೀನಗಡದಾಗ ಏನ್ ಮಾತಾಗಿತ್ತು ನಮ್ದು?"

ಬೈಯಲಿಲ್ಲ. ಟೇಪು ಹಚ್ಚಿ, ಪೆಟ್ಟಿಗೆಯ ಹಿಂದೆ ಕೂತು ನನ್ನ ಮುಖ ನೋಡತೊಡಗಿದರು. ಡೊಳ್ಳು ಶುರುವಾಯಿತು. ಮಾವನವರು ಕಟ್ಟೆಯ ಮೇಲೆಯೇ ಇದ್ದರು. ಆದರೂ ಬಾಯಿ ತೆರೆದೆ. ಎಡಗಡೆ ಮೂಲೆ ಎಂದು ಹೇಳಿದೆ. ಅವರಿಗೆ ಕೇಳಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಕೂಗಿದೆ, ಓಣಿಗೆ ಕೇಳುವ ಹಾಗೆ.

"ಎಡಗಡಿ ಮೂಲಿ ಬಿಟ್ಟೈತ್ರಿ! ಅಂಟು ನಂದ ಕೆಟ್ಟೈತ್ರಿ!"

ಸೊಸೆಯಾಗಿ ಬಂದು ಒಂಬತ್ತು ವರ್ಷಕ್ಕೆ ಆ ಮನೆಯಲ್ಲಿ ನಾನು ಕೂಗಿದ್ದು ಅದೇ ಮೊದಲು. ಮಾವನವರು ಎದ್ದು ಹೊರಗೆ ನಡೆದರು. ಅತ್ತೆ ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿ, ಸರೇಸು ತಂದು ಇಲ್ಲಿ ಕುದಿಸಿಕೋ ಎಂದು ಮಗನಿಗೆ ಕೈಸನ್ನೆ ಮಾಡಿದರು. ಅಜ್ಜ ಹಲಗೆ ಬಿಚ್ಚಿ, ನನ್ನ ಅಂಟನ್ನೆಲ್ಲ ಕೆರೆದು ತೆಗೆದು, ಸರೇಸು ಹಚ್ಚಿ, ಗೇಣಿಗೊಂದರಂತೆ ಸ್ಕ್ರೂ ಬಿಗಿದರು. ಆಮೇಲೆ ಅದರ ಸದ್ದು ಎಷ್ಟು ಚೊಕ್ಕವಾಯಿತೆಂದರೆ, ಬಾದಾಮಿಯ ಪರದೆಯ ಹಿಂದಿನ ಪೆಟ್ಟಿಗೆಯೂ ಹಾಗೆ ನುಡಿದಿರಲಿಕ್ಕಿಲ್ಲ.

ಆದರೆ ಅದನ್ನು ಕೇಳಲು ಯಾರೂ ಕರೆಯಲಿಲ್ಲ. ಒಬ್ಬರಿಂದೊಬ್ಬರಿಗೆ ಮಾತು ಹರಡಿತ್ತು. ಮದುವೆಯವರು ಹುನಗುಂದದಿಂದ ಬೇರೆ ಮೈಕಿನವರನ್ನು ಕರೆಸಿದರು. ಎರಡು ವರ್ಷ ಕಾದು ಅಜ್ಜ ಹಾರ್ನುಗಳನ್ನು ಮಾರಿ, ಕೆಂಪು ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಸೇರಿದರು. ಆ ಯಂತ್ರಗಳ ನಡುವೆ ಉಳಿದ ಕಿವಿಯೂ ಹೋಯಿತು. ಕಲ್ಲಿನ ಧೂಳು ಎದೆಯೊಳಗೆ ಕೂತಿತು. ನಿಮ್ಮ ಅಪ್ಪ ಆಗ ಸಾಲೆಯ ಹುಡುಗ.

ಕೊನೆಯ ಬೇಸಿಗೆಯಲ್ಲಿ ಅವರು ಮಲಗಿದರೆ ಕೆಮ್ಮು, ಕೂತರೆ ಹಗುರ. ಪೆಟ್ಟಿಗೆಗೆ ಬೆನ್ನು ಆನಿಸಿ ಕೂತು, ಡೊಳ್ಳು ಹಚ್ಚು ಎಂದು ಕೈಮಾಡುತ್ತಿದ್ದರು. ನಾನು ಟೇಪು ಹಚ್ಚಿ ಮಗ್ಗಕ್ಕೆ ಹೋಗುತ್ತಿದ್ದೆ. ಪೆಟ್ಟು ಬಿದ್ದಂತೆಲ್ಲ ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು. ನಡುನಡುವೆ ನನ್ನ ಕಡೆ ನೋಡಿ, ಸರಿ ಐತೇನು ಎಂದು ಕೇಳುತ್ತಿದ್ದರು. ಟೇಪು ಎಳೆಯುತ್ತಿದ್ದರೆ ಎಳೆಯುತ್ತಿದೆ ಎಂದು, ಸ್ಪೀಕರಿನ ಕಾಗದ ಹರಿದಾಗ ಹರಿದಿದೆ ಎಂದು, ಅವರಿಗೆ ಕಾಣುವ ಹಾಗೆ ಬಾಯಗಲಿಸಿ ಹೇಳುತ್ತಿದ್ದೆ. ಸದ್ದಿನ ವಿಷಯದಲ್ಲಿ ಇನ್ನೊಮ್ಮೆ ಸುಳ್ಳು ಹೇಳಲಿಲ್ಲ.

ಒಂದು ಮಧ್ಯಾಹ್ನ ಹಾಡಿನ ನಡುವೆ ಕರೆಂಟು ಹೋಯಿತು. ಓಣಿಯೆಲ್ಲ ಮಗ್ಗ ಬಡಿಯುವ ಸದ್ದಿನಲ್ಲಿ ನನಗದು ಗೊತ್ತೇ ಆಗಲಿಲ್ಲ. ತಲೆ ಎತ್ತಿ ನೋಡಿದಾಗ ಅವರ ಬೆರಳು ನಿಂತಿದ್ದವು. ಹೆದರಿ ಕುಣಿಯಿಂದ ಎದ್ದು ಓಡಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ ನಕ್ಕರು.

"ಕರೆಂಟ್ ಹೋತಲಾ? ನೀ ಹೇಳೂ ಮೊದಲ ನನ್ನ ಬೆನ್ನಿಗೆ ಗೊತ್ತಾತು."

ಮತ್ತೆ ಕರೆಂಟು ಬರುವ ತನಕ ನಾನು ಮಗ್ಗಕ್ಕೆ ಹೋಗಲಿಲ್ಲ. ಅವರ ಮಗ್ಗುಲಲ್ಲಿ ಕೂತು, ಆ ಎಡಗಡೆಯ ಮೂಲೆಯ ಮೇಲೆ ಅಂಗೈ ಇಟ್ಟುಕೊಂಡೆ.