ಸುಗಂಧಾ ಒಡೆಯದೆ ಬಿಟ್ಟ ಗೋಡೆ

ಗುಂಜೋಟಿಯ ಸುಗಂಧಾಳ ಮನೆಗೆ ಗಾರೆ ಕೆಲಸದ ಗವಂಡಿ ಕಾಲಿಡುವುದು ಅಪರೂಪ. ಸೋರುವ ನಲ್ಲಿ, ಜೋತುಬಿದ್ದ ಬಾಗಿಲು, ಗೋಡೆಯಿಂದ ಉದುರಿದ ಗಿಲಾವು, ಎಲ್ಲಕ್ಕೂ ಅವಳೇ ಕೈಹಾಕುತ್ತಿದ್ದಳು. ಕೆಟ್ಟರೆ ಮತ್ತೆ ತಾನೇ ಸರಿಮಾಡಬಹುದಾದ ಕೆಲಸ ತನ್ನದು, ಕೆಟ್ಟರೆ ಜೀವಕ್ಕೆ ಕುತ್ತು ತರುವಂಥದ್ದು ಬೇರೆಯವರದು ಎಂದು ಮೊದಲೇ ಬೇರ್ಪಡಿಸಿಕೊಂಡಿದ್ದಳು. ಕರೆಂಟಿನ ತಂತಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಡುಗೆಮನೆಗೆ ಬೆಳಕು ಬರಬೇಕಾದರೆ ಕಿಟಕಿಯಿದ್ದ ಒಳಕೋಣೆಯ ಕಡೆಯ ಕಲ್ಲು-ಮಣ್ಣಿನ ಗೋಡೆ ಒಡೆಯಬೇಕಿತ್ತು. ಗವಂಡಿಯನ್ನು ಕರೆಯೋಣ ಎಂದ ಗಂಡ ರವಿಕಾಂತ. ಮಾಡಿನ ಭಾರ ಅದರ ಮೇಲಿಲ್ಲ, ತಾನೇ ಸಾಕು ಎಂದಳು ಸುಗಂಧಾ. ಅವನು ಉಮರ್ಗಾದ ಅಂಗಡಿಗೆ ಹೋದ.

ಟೊಳ್ಳು ಎಲ್ಲಿದೆ ಎಂದು ತಿಳಿಯಲು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಮೂಲೆಯವರೆಗೆ ಬಂದು ಕೈ ಇಳಿಸಿದಳು. ಗೋಡೆಯೊಳಗಿಂದ ಅದೇ ಸದ್ದು ಬಂತು. ಪ್ರತಿಧ್ವನಿಯಾಗಿದ್ದರೆ ಆಗಲೇ ಬರಬೇಕಿತ್ತು. ಇದು ಯಾರೋ ಕೇಳಿಸಿಕೊಂಡು, ಯೋಚಿಸಿ, ತಟ್ಟಿದಷ್ಟು ತಡವಾಗಿತ್ತು.

ಒಳಕೋಣೆಯಲ್ಲಿ ಇಣುಕಿದಳು. ಯಾರೂ ಇರಲಿಲ್ಲ. ಮರಳಿ ಬಂದು ಈ ಸಲ ಮೆಲ್ಲಗೆ, ಉಗುರಿನಿಂದ ಕೆರೆದಳು. ತುಸು ಹೊತ್ತಾದ ಮೇಲೆ ಒಳಗೂ ಯಾರೋ ಕೆರೆದರು, ಕೆಳಗೆ, ಅವಳ ಪಾದದ ಹತ್ತಿರ. ನೆಲದ ಫರಸಿ ಕಲ್ಲುಗಳ ಸಂದಿನಿಂದ ತಣ್ಣನೆ ಗಾಳಿ ಕಾಲ್ಬೆರಳಿಗೆ ತಾಗಿತು.

ಅಂಗಳದಲ್ಲಿ ಅತ್ತೆ ಶಿವಕಾಂತಮ್ಮ ಜೋಳ ಕೇರುತ್ತಿದ್ದರು. ಸೊಸೆ ಹೇಳಿದ್ದು ಕೇಳಿ ಮೊರ ಹಿಡಿದ ಕೈ ನಿಂತಿತು.

"ನೀ ಮತ್ತ ಬಡದ್ಯೇನು?"

"ಹೂಂ ಅತ್ತಿ."

"ಇನ್ನ ಬಡೀಬ್ಯಾಡ. ಅದಕ್ಕ ರೂಢಿ ಆಗ್ತದ."

ಯಾವುದಕ್ಕೆ ಎಂದು ಸುಗಂಧಾ ಕೇಳಿದಳು. ಅತ್ತೆ ಮೊರ ಎತ್ತಿ ಮತ್ತೆ ಕೇರತೊಡಗಿದರು.

ಮರುದಿನ ಸುಗಂಧಾ ತಾನೇ ಕರೆಸಿದ ಓಂಪ್ರಕಾಶ ಗವಂಡಿ ಬಂದು ಗೋಡೆಯ ಬುಡದ ಫರಸಿ ಎಬ್ಬಿಸಿದ. ಕೆಳಗೆ ಕಾಳು ತುಂಬಿಡುತ್ತಿದ್ದ ಹಳೆಯ ಹಗೇವು ಬಾಯಿ ತೆರೆದಿತ್ತು. ಗೋಡೆಯ ಅರ್ಧ ಭಾಗ ಅದರ ಮೇಲೆ ತೂಗಿಕೊಂಡಿತ್ತು. ಹಗ್ಗಕ್ಕೆ ಕಟ್ಟಿ ಇಳಿಸಿದ ದೀಪ ತಳ ಮುಟ್ಟುವ ಮೊದಲೇ ಆರಿತು.

"ವೈನಿ, ಒಂದ ಕಲ್ಲ ಕಿತ್ತಿದ್ರ ಗ್ವಾಡಿ ಸೈತ ನೀವೂ ಒಳಗ ಹೋಗ್ತಿದ್ರಿ," ಎಂದ ಸುಗಂಧಾಳಿಗೆ. ಸದ್ದು ಕೆಟ್ಟ ಗಾಳಿಯದ್ದಿರಬೇಕು ಎಂದೂ ಹೇಳಿದ. ಆದರೆ ಹಗೇವಿಗೆ ಮುರುಮು ಮಣ್ಣು ತುಂಬುವಾಗ ನಡುವೆ ಒಮ್ಮೆ ಬುಟ್ಟಿ ಕೆಳಗಿಟ್ಟು, ಮನೆಯವರೆಲ್ಲ ಮೇಲೇ ಇದ್ದಾರಲ್ಲವೇ ಎಂದು ವಿಚಾರಿಸಿದ. ಇದ್ದಾರೆ ಎಂದಳು ಸುಗಂಧಾ. ಆಮೇಲೆ ಅವನು ನೀರಿಗೂ ನಿಲ್ಲದೆ ತುಂಬಿ ಮುಗಿಸಿದ.

ಗೋಡೆ ಉಳಿಯಿತು. ಬೆಳಕಿಗಾಗಿ ಸುಗಂಧಾ ತಾನೇ ಏಣಿ ಹತ್ತಿ, ಮಾಡಿನ ಒಂದು ತಗಡು ತೆಗೆದು ಬೆಳಕು ಹಾಯುವ ಹಾಳೆ ಕೂಡಿಸಿದಳು. ಈಗ ಒಲೆಯ ಮೇಲೆ ಬಿಸಿಲು ಬೀಳುತ್ತದೆ. ಶೇಂಗಾ ಚಟ್ನಿ ಕುಟ್ಟುವುದನ್ನು ಮಾತ್ರ ಅವಳು ಸಣ್ಣ ಒಳಕಲ್ಲು ಹೊತ್ತುಕೊಂಡು ಹೋಗಿ ಗೋಡೆಯಿಂದ ದೂರ, ಅಂಗಳದಲ್ಲೇ ಮಾಡುತ್ತಾಳೆ.