ಇಟ್ಟಮಡುವಿನ ತನಕ ಒಂದು ಕಾಫಿ

ಒಂದು ಲೋಟ ಕಾಫಿಗಾಗಿ ಯಾರಾದರೂ ಬನಶಂಕರಿ ಎರಡನೇ ಸ್ಟೇಜಿನಿಂದ ಇಟ್ಟಮಡುವಿನ ತನಕ ನಡೆಯುತ್ತಾರೆಯೇ?

ನಾನು ನಡೆದೆ. ದಿನಾ ಬೆಳಿಗ್ಗೆ, ಹತ್ತಿರ ಹತ್ತಿರ ಒಂದು ತಿಂಗಳು.

ಹಾಗಂತ ನಮ್ಮ ಮನೆಯ ತಿರುವಿನಲ್ಲಿ ದರ್ಶಿನಿ ಇಲ್ಲವೆಂದಲ್ಲ. ಇದೆ, ಕಾಫಿಯೂ ಸೊಗಸಾಗಿದೆ. ತೊಂದರೆ ಅದರ ಪಕ್ಕದ ಬ್ಯಾಂಕಿನದು. ಅಲ್ಲಿನ ಮ್ಯಾನೇಜರ್ ಗಂಗಾಧರಯ್ಯ ಮತ್ತು ನಾನು ಎರಡು ವರ್ಷದಿಂದ ನಿಂತುಕೊಂಡೇ ಬೈ-ಟೂ ಕುಡಿದವರು. ನನ್ನ ಅಕ್ಕನ ಮಗಳು ಸುಮಾ ಫಿಸಿಯೋಥೆರಪಿ ಓದಲು ಎಜುಕೇಷನ್ ಲೋನ್ ತೆಗೆದದ್ದೂ ಅದೇ ಬ್ಯಾಂಕಿನಲ್ಲಿ. ಜಾಮೀನು ನಾನು. ಅಂದು ಸಹಿ ಹಾಕುವಾಗ ಪೆನ್ನನ್ನು ಎಂಥ ಗತ್ತಿನಲ್ಲಿ ಹಿಡಿದಿದ್ದೆ ಅಂತೀರಿ!

ಓದು ಮುಗಿಯಿತು. ಸುಮಾ ನಮ್ಮ ಮನೆಯಲ್ಲೇ ಇದ್ದುಕೊಂಡು ಜೆ.ಪಿ. ನಗರದ ಒಂದು ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಹೊರಟಳು. ಸಂಬಳದ ಮುಕ್ಕಾಲು ಪಾಲು ನುಂಗುವಷ್ಟು ದೊಡ್ಡ ಕಂತು. ಒಂದು ತಪ್ಪಿತು, ಇನ್ನೊಂದು ತಪ್ಪಿತು.

ತುಮಕೂರಿನಿಂದ ಅಕ್ಕ ಫೋನ್ ಮಾಡಿದಳು. "ತಿಂಗಳ ಕೊನೇಗೆ ಬರ್ತೀನಿ ಕಣೋ. ಬಳೆ ಅಡ ಇಟ್ಬಿಡೋಣ. ಯಾವ ಸೇಟು ಅಂಗಡಿ ಒಳ್ಳೇದು, ವಿಚಾರಿಸಿಟ್ಟಿರು."

ಅವಳಿಗಿರುವುದು ಎರಡೇ ಬಳೆ. ನಮ್ಮಮ್ಮನವು.

"ಸುಮ್ನಿರು, ನಾನೇ ಏನಾದ್ರೂ ದಾರಿ ಹುಡುಕ್ತೀನಿ" ಎಂದೆ. ಹುಡುಕಿಯೂ ಹುಡುಕಿದೆ. ಪಾರ್ಕಿನ ನಿವೃತ್ತ ವಕೀಲರು, "ನೋಟಿಸ್ ಬರ್ಲಿ ಬಿಡಿ, ಆಮೇಲೆ ನೋಡೋಣ" ಎಂದು ಧೈರ್ಯ ಹೇಳಿದರು. ಹಳೆಯ ಗೆಳೆಯ, "ಒಂದು ಚೀಟಿ ಹಾಕು ಗುರು" ಎಂದ. ಇನ್ಶೂರೆನ್ಸ್ ಏಜೆಂಟ್ ನನ್ನ ಕಷ್ಟವನ್ನೆಲ್ಲ ಸಮಾಧಾನದಿಂದ ಕೇಳಿ, ನನ್ನ ಹೆಸರಿಗೇ ಒಂದು ಹೊಸ ಪಾಲಿಸಿ ಮಾಡಿಸಿಕೊಂಡು ಹೋದ.

ಬ್ಯಾಂಕಿನವರನ್ನು ಕೇಳಿದೆನೇ? ಛೆ! ಸಾಲ ಕೊಟ್ಟವರ ಹತ್ತಿರವೇ ಹೋಗಿ ತೀರಿಸಲು ಸಹಾಯ ಮಾಡಿ ಅನ್ನುವುದೇ? ಮಾನ ಮರ್ಯಾದೆ ಬೇಡವೇ? (ಇಷ್ಟು ಮರ್ಯಾದಸ್ಥನಾದ ನಾನು, ಬ್ಯಾಂಕಿನಿಂದ ಫೋನ್ ಬಂದರೆ ಊರಲ್ಲಿಲ್ಲ ಅನ್ನು ಎಂದು ಹೆಂಡತಿಗೆ ಹೇಳಿಕೊಟ್ಟಿದ್ದೆ.)

ಇಟ್ಟಮಡುವಿನ ಯಾತ್ರೆ ಮೂರನೇ ವಾರ ಮುಟ್ಟುವಷ್ಟರಲ್ಲಿ ಬಲಮಂಡಿ ಊದಿಕೊಂಡಿತು. ದಿನವಿಡೀ ಕಂಡವರ ಕೈಕಾಲು ಎಳೆದು ಬಂದ ಸುಮಾ, ಸಂಜೆ ನನ್ನ ಕಾಲು ಹಿಡಿದು ಕೂತಳು.

"ಎಲ್ಲಿಗ್ ಮಾಮ, ಇಷ್ಟೊಂದ್ ದೂರ ನಡೀತೀರಾ?"

"ವಾಕಿಂಗ್ ಕಣಮ್ಮ. ಹೆಲ್ತ್‌ಗೆ ಒಳ್ಳೇದು."

"ಮಂಡಿಗಂತೂ ಅಲ್ಲ. ಮಾಮ, ಅದೂ... ಬ್ಯಾಂಕಿಂದು ಒಂದು..."

"ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ!"

ಕುಂಟುತ್ತಲೇ ಎದ್ದು ಓಡಿದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಹಾಲು ಇನ್ನೂ ತಂದೇ ಇಲ್ವಲ್ರೀ!"

ನೋಡಿ, ಅವಳ ಸಾಲಕ್ಕೆ ಹೆದರಿ ಓಡಿ ನಾನು ಬರಿಸಿಕೊಂಡ ನೋವಿಗೆ ಅವಳದೇ ಫ್ರೀ ಟ್ರೀಟ್‌ಮೆಂಟ್. ನಮ್ಮಜ್ಜಿ ಇಂಥವರನ್ನು ಪುಕ್ಕಲಪ್ಪ ಅನ್ನುತ್ತಿದ್ದಳು. ಮೊಮ್ಮಗನನ್ನು ದೊಡ್ಡವನಾದ ಮೇಲೆ ನೋಡಲಿಲ್ಲ, ಪುಣ್ಯ.

ಒಂದು ಗುರುವಾರ ಇಟ್ಟಮಡುವಿನ ಹೋಟೆಲಿನಲ್ಲಿ ಲೋಟ ಬಾಯಿಗಿಟ್ಟಿದ್ದೆ. ಬೆನ್ನ ಹಿಂದೆ ಯಾರೋ ಕೇಳಿದರು:

"ಬೈ-ಟೂ ಮಾಡೋಣ್ವಾ ಸಾರ್?"

ಗಂಗಾಧರಯ್ಯ! ಓಡೋಣವೆಂದರೆ ಮಂಡಿ.

"ಎಲ್ ಮಾಯ ಆಗ್ಬಿಟ್ರಿ ಸಾರ್? ಫೋನ್ ಮಾಡಿದ್ರೆ ಮೇಡಂ ಊರಲ್ಲಿಲ್ಲ ಅಂತಾರೆ, ಹಿಂದೆ ನೀವು ಕೆಮ್ಮೋದು ಕೇಳ್ಸುತ್ತೆ. ನಿಮ್ಮನ್ನ ಹುಡುಕ್ಕೊಂಡು ಈ ಕಡೆ ಹೋಟ್ಲಲ್ಲೆಲ್ಲಾ ಕಾಫಿ ಕುಡ್ದು ನಂಗೆ ಆಸಿಡಿಟಿ ಬಂದಿದೆ!"

"ಈ ತಿಂಗಳ ಕಂತು ಹೇಗಾದ್ರೂ ಮಾಡಿ..."

"ಕಂತು ಯಾರ್ ಕೇಳಿದ್ರು? ನಿಮ್ ಹುಡುಗಿ ಮೂರು ವಾರದ ಹಿಂದೇನೇ ಬಂದಿದ್ಲು. ಸಂಬಳ ಇಷ್ಟೇ ಸಾರ್, ಏನ್ಮಾಡೋದು ಅಂತ ನೇರವಾಗಿ ಕೇಳಿದ್ಲು. ವರ್ಷ ಜಾಸ್ತಿ ಮಾಡಿ ಕಂತು ಕಮ್ಮಿ ಮಾಡೋಕೆ ಅರ್ಜಿ ತಗೊಂಡಿದೀನಿ. ಎಲ್ಲಾ ರೆಡಿ ಇದೆ, ಜಾಮೀನುದಾರರು ಬ್ಯಾಂಕಿಗೇ ಬಂದು ಹಾಕ್ಬೇಕಾದ ಸೈನ್ ಒಂದ್ ಬಿಟ್ಟು. ಈ ತಿಂಗಳು ದಾಟಿದ್ರೆ ನನ್ ಕೈಲೂ ಏನೂ ಆಗಲ್ಲ."

ಲೋಟ ಕೆಳಗಿಟ್ಟೆ. ಆ ಹುಡುಗಿ ಒಬ್ಬಳೇ ಹೋಗಿ ಕೆಲಸ ಮುಗಿಸಿ ಬಂದಿದ್ದಾಳೆ. ಅವಳಿಗೆ ಅಡ್ಡವಾಗಿದ್ದವನು ಒಬ್ಬನೇ: ಅವಳಿಗಾಗಿ ಊರೆಲ್ಲ ಸಹಾಯ ಹುಡುಕುತ್ತಿದ್ದ ಮಾಮ.

ಗಂಗಾಧರಯ್ಯ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೇ ಕರೆದೊಯ್ದರು. ಸಹಿ ಹಾಕಿದೆ. (ಈ ಸಲ ಗತ್ತು ಇರಲಿಲ್ಲ.)

ಸಂಜೆ ಸುಮಾಳನ್ನು ತರಾಟೆಗೆ ತೆಗೆದುಕೊಂಡೆ. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ಹೇಳಕ್ ಬಂದಾಗೆಲ್ಲಾ ಹಾಲು ಉಕ್ತಿತ್ತಲ್ಲ ಮಾಮ!"

ಅಕ್ಕ ತಿಂಗಳ ಕೊನೆಗೆ ಬಂದಳು. ಬಳೆಗಳನ್ನು ಕೈಯಲ್ಲೇ ಗಲಗಲ ಅನ್ನಿಸುತ್ತ ನನಗೆ ಬೈದು, ಬಸ್ಸು ಹತ್ತಿದಳು.

ಎಜುಕೇಷನ್ ಲೋನ್ ತೀರಿಸಲು ಸಹಾಯ ಎಲ್ಲಿ ಸಿಗುತ್ತದೆ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳುತ್ತಿರುತ್ತೀರಿ. ಉತ್ತರ ಹೇಳುತ್ತೇನೆ, ಅದಕ್ಕೆ ಮುಂಚೆ ಇದೊಂದನ್ನು ತಿಳಿಸಿ: ಈಚೆಗೆ ನೀವು ಬೆಳಗಿನ ಕಾಫಿ ಎಲ್ಲಿ ಕುಡಿಯುತ್ತಿದ್ದೀರಿ?